ಶುಕ್ರನ ಮೋಡದಲ್ಲಿ ನಿಂತ ಅಲೆ

2015ರ ಡಿಸೆಂಬರ್ 7ರಂದು ಜಪಾನಿನ ಅಕಾತ್ಸುಕಿ ನೌಕೆ ಶುಕ್ರಗ್ರಹದ ಬಳಿ ಬಂದು ತನ್ನ ನಾಲ್ಕು ಪುಟ್ಟ ಥ್ರಸ್ಟರುಗಳನ್ನು ಸುಮಾರು ಇಪ್ಪತ್ತು ನಿಮಿಷ ಉರಿಸಿತು. ಆ ಥ್ರಸ್ಟರುಗಳನ್ನು ಕೂರಿಸಿದ್ದು ಈ ಕೆಲಸಕ್ಕಲ್ಲ, ನೌಕೆ ಅತ್ತಿತ್ತ ಹೊರಳಲಿ ಎಂದು. ಈ ಕೆಲಸಕ್ಕೆಂದೇ ಇದ್ದ ದೊಡ್ಡ ಎಂಜಿನ್ನು ಸರಿಯಾಗಿ ಐದು ವರ್ಷದ ಹಿಂದೆ, 2010ರ ಡಿಸೆಂಬರ್ 7ರಂದೇ ಕೆಟ್ಟಿತ್ತು. ಇಂಧನವನ್ನು ತಳ್ಳುವ ಅನಿಲದ ದಾರಿಯಲ್ಲಿ ಒಂದು ಕವಾಟಕ್ಕೆ ಲವಣದ ಹರಳು ಕಟ್ಟಿ, ಇಂಧನ ಸಾಕಷ್ಟು ಹರಿಯದೆ, ಎಂಜಿನ್ನು ಮಿತಿಮೀರಿ ಕಾದು ಒಡೆದಿತ್ತು. ನೌಕೆ ಶುಕ್ರನ ಹಿಡಿತಕ್ಕೆ ಸಿಗದೆ ಮುಂದಕ್ಕೆ ಹೋಗಿ ಸೂರ್ಯನ ಸುತ್ತ ಅಲೆಯತೊಡಗಿತು. ಅದನ್ನು ಅಲ್ಲಿಗೇ ಕೈಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಜಪಾನಿನವರು ಬಿಡಲಿಲ್ಲ. ಇನ್ನು ಉಪಯೋಗಕ್ಕೆ ಬಾರದ ಆಕ್ಸಿಡೈಸರನ್ನು ಹೊರಚೆಲ್ಲಿ ನೌಕೆಯ ಭಾರ ಇಳಿಸಿದರು. ಚಿಕಾಕೊ ಹಿರೋಸೆ ಎಂಬ ಕಕ್ಷಾತಜ್ಞೆ ಸಾವಿರಾರು ಹಾದಿಗಳನ್ನು ಲೆಕ್ಕ ಹಾಕಿ, ಅವುಗಳಲ್ಲಿ ಒಂದನ್ನು ಆರಿಸಿಕೊಟ್ಟರು. ಆ ಹಾದಿ ಹಿಡಿದು ನೌಕೆ ಕೊನೆಗೂ ಶುಕ್ರನ ಕಕ್ಷೆಗೆ ಬಿತ್ತು.

ಕಕ್ಷೆ ಸೇರಿದ ಕೆಲವೇ ಗಂಟೆಗಳಲ್ಲಿ ಅದರ ಶಾಖದ ಕ್ಯಾಮೆರಾ ತೆಗೆದ ಚಿತ್ರ ಭೂಮಿಗೆ ಬಂತು. ಶುಕ್ರನ ಮೋಡಗಳ ನೆತ್ತಿಯಲ್ಲಿ, ಸುಮಾರು 65 ಕಿ.ಮೀ. ಎತ್ತರದಲ್ಲಿ, ದಕ್ಷಿಣದಿಂದ ಉತ್ತರಕ್ಕೆ ಬಿಲ್ಲಿನಂತೆ ಬಾಗಿದ ಒಂದು ಬಿಳಿಯ ಪಟ್ಟಿ ಕಂಡಿತು. ಉದ್ದ ಸುಮಾರು 10,000 ಕಿ.ಮೀ. ಶುಕ್ರನ ವ್ಯಾಸವೇ 12,100 ಕಿ.ಮೀ. ಎಂದರೆ ಆ ಬಿಲ್ಲಿನ ಗಾತ್ರ ಗೊತ್ತಾಗುತ್ತದೆ. ಸೌರವ್ಯೂಹದಲ್ಲಿ ಆವರೆಗೆ ಕಂಡಿದ್ದ ಈ ಜಾತಿಯ ಅಲೆಗಳಲ್ಲಿ ಇಷ್ಟು ದೊಡ್ಡದು ಇರಲಿಲ್ಲ. ಇನ್ನೂ ದೊಡ್ಡ ಸೋಜಿಗ ಮರುದಿನದ ಚಿತ್ರಗಳಲ್ಲಿತ್ತು. ಬಿಲ್ಲು ಇದ್ದಲ್ಲೇ ಇತ್ತು. ಅಲ್ಲಿನ ಮೋಡಗಳು ಗಂಟೆಗೆ ಸುಮಾರು 360 ಕಿ.ಮೀ. ವೇಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತವೆ. ಅಷ್ಟು ಬಿರುಸಿನ ಗಾಳಿಯ ನಡುವೆ ಒಂದು ಆಕಾರ ದಿನಗಟ್ಟಲೆ ಕದಲದೆ ನಿಲ್ಲುವುದೆಂದರೇನು? ನಕ್ಷೆಯನ್ನು ಹರಡಿ ನೋಡಿದಾಗ ಉತ್ತರ ಸಿಕ್ಕಿತು. ಬಿಲ್ಲಿನ ನಡುಭಾಗದ ಕೆಳಗೆ, ಮೋಡದಡಿಯ ನೆಲದಲ್ಲಿ, ಅಫ್ರೋಡೈಟಿ ಟೆರ್ರಾ ಎಂಬ ಮಹಾ ಎತ್ತರದ ನಾಡು ಮಲಗಿತ್ತು. ಸುಮಾರು ಆಫ್ರಿಕಾದಷ್ಟು ವಿಸ್ತಾರದ, ಕೆಲವೆಡೆ ಐದು ಕಿ.ಮೀ. ಏರಿದ ಬೆಟ್ಟಗಳ ಸೀಮೆ ಅದು.

ಇದು ಹೇಗೆ ಆಗುತ್ತದೆ ಎಂದು ತಿಳಿಯಲು ದಾಂಡೇಲಿ ಸೀಮೆಯವರು ಟೆಲಿಸ್ಕೋಪ್ ಹುಡುಕಬೇಕಾಗಿಲ್ಲ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗಣೇಶಗುಡಿ ಕೆಳಗೆ ಕಾಳಿ ನದಿಯಲ್ಲಿ ರಾಫ್ಟ್ ಇಳಿಸುವ ಹುಡುಗರಿಗೆ ಅದು ಚೆನ್ನಾಗಿ ಗೊತ್ತು. ನೀರೊಳಗೆ ಮುಳುಗಿದ ಬಂಡೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಹಿಂದೆ ನೀರು ಉಬ್ಬಿ, ತಗ್ಗಿ, ಮತ್ತೆ ಉಬ್ಬಿ ನಿಂತಿರುತ್ತದೆ. ನೀರು ಓಡುತ್ತದೆ, ಉಬ್ಬು ಓಡುವುದಿಲ್ಲ. ಎಲ್ಲಿ ಬಂಡೆಯಿದೆ ಎಂದು ಅವರು ಲೆಕ್ಕ ಹಿಡಿಯುವುದು ಆ ಉಬ್ಬಿನಿಂದಲೇ.

ಗಾಳಿಯಲ್ಲೂ ನಡೆಯುವುದು ಇದೇ. ಬೆಟ್ಟ ಅಡ್ಡ ಬಂದಾಗ ಗಾಳಿ ಮೇಲೇರುತ್ತದೆ. ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಗಿಂತ ಭಾರವಾಗಿ ಕೆಳಗೆ ಕುಸಿಯುತ್ತದೆ. ಕುಸಿಯುವ ಭರದಲ್ಲಿ ತನ್ನ ಮಟ್ಟವನ್ನು ದಾಟಿ ಇನ್ನೂ ಕೆಳಗಿಳಿದು, ಅಲ್ಲಿ ಕಾದು ಹಗುರಾಗಿ ಮತ್ತೆ ಏರುತ್ತದೆ. ಗುರುತ್ವ ಎಳೆಯುವುದರಿಂದ ಇದಕ್ಕೆ ಗುರುತ್ವ ಅಲೆ ಎಂದು ಹೆಸರು. (ಐನ್‌ಸ್ಟೈನ್ ಹೇಳಿದ, ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಹುಟ್ಟುವ ಗುರುತ್ವಾಕರ್ಷಣ ತರಂಗಗಳೇ ಬೇರೆ. ಪತ್ರಿಕೆಗಳು ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಓದುಗರನ್ನು ಗೋಜಲಿಗೆ ಕೆಡವಿದ್ದುಂಟು.) ಅಲೆಯ ಶಕ್ತಿ ನದಿಯಲ್ಲಿಯಂತೆ ಹಿಂದಕ್ಕೆ ಮಾತ್ರ ಹೋಗುವುದಿಲ್ಲ, ಮೇಲಕ್ಕೂ ಏರುತ್ತದೆ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಅಷ್ಟೇ ಶಕ್ತಿ ಕಡಿಮೆ ಗಾಳಿಯನ್ನು ಅಲುಗಾಡಿಸಬೇಕಾದ್ದರಿಂದ ಅಲೆ ದೊಡ್ಡದಾಗುತ್ತ ಹೋಗುತ್ತದೆ. ಶುಕ್ರನ ನೆಲದಲ್ಲಿ ಗಾಳಿಯ ಒತ್ತಡ ನಮ್ಮದರ 92 ಪಟ್ಟು. ಮೋಡದ ನೆತ್ತಿಯಲ್ಲಿ ನಮ್ಮದರ ಹತ್ತನೆಯ ಒಂದು ಭಾಗದಷ್ಟು. ಕೆಳಗೆ ಹೆಚ್ಚುಕಡಿಮೆ ನಿಂತಂತಿರುವ ಗಾಳಿ (1975ರಲ್ಲಿ ಇಳಿದ ವೆನೆರಾ ನೌಕೆಗಳು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನ ಗಾಳಿಯನ್ನಷ್ಟೇ ಅಳೆದವು) ಬೆಟ್ಟಕ್ಕೆ ತಾಗಿ ಎಬ್ಬಿಸಿದ ಸಣ್ಣ ಅಲುಗಾಟ, ಮೇಲೆ ಸಾವಿರಾರು ಕಿ.ಮೀ. ಉದ್ದದ ಬಿಲ್ಲಾಗಿ ಹೊರಬರುವುದು ಹೀಗೆ.

ಹಾಗಾದರೆ ಸಹ್ಯಾದ್ರಿ ಇಂಥ ಬಿಲ್ಲನ್ನು ಏಕೆ ಎಬ್ಬಿಸುವುದಿಲ್ಲ? ಬೆಟ್ಟ ಇದೆ, ಗಾಳಿಯೂ ಇದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಗಾಳಿ ಜೋಯಿಡಾ ತಾಲ್ಲೂಕಿನ ಘಟ್ಟದ ಅಂಚಿಗೆ ಬಂದು ಬಡಿಯುವ ಬಡಿತಕ್ಕೆ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ದಾಂಡೇಲಿ ದಾಟಿ ಹಳಿಯಾಳಕ್ಕೆ ಬರುವಷ್ಟರಲ್ಲಿ ಅದರ ಕಾಲುಭಾಗದ ಆಸುಪಾಸಿಗೆ ಇಳಿದಿರುತ್ತದೆ. ಕಾಡು ಮುಗಿದು ಗೋವಿನಜೋಳ, ಹತ್ತಿ, ಕಬ್ಬಿನ ಹೊಲ ಶುರುವಾಗುತ್ತದೆ. ಮುಂಡಗೋಡವೂ ಇದೇ ಸೆರಗಿನ ನಾಡು. ಘಟ್ಟ ಹತ್ತುವಾಗ ಗಾಳಿ ನೀರು ಸುರಿಸುತ್ತದೆ, ಇಳಿಯುವಾಗ ಒಣಗುತ್ತದೆ ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಗಣಿತದ ಸಮೀಕರಣಕ್ಕೆ ತಂದವರು ಭಾರತೀಯ ಹವಾಮಾನ ಇಲಾಖೆಯ ಆರ್. ಪಿ. ಸರ್ಕಾರ್. 1966 ಮತ್ತು 1967ರಲ್ಲಿ ಪ್ರಕಟವಾದ ಅವರ ಲೇಖನಗಳು, ಪಶ್ಚಿಮ ಘಟ್ಟದ ಮೇಲೆ ಗಾಳಿ ಎಷ್ಟು ಏರುತ್ತದೆ, ಎಲ್ಲಿ ಎಷ್ಟು ಮಳೆ ಕೊಡುತ್ತದೆ ಎಂದು ಲೆಕ್ಕ ಹಾಕಿದವು. ಅವರು ಆಯ್ದುಕೊಂಡದ್ದು ಮುಂಬಯಿ–ಪುಣೆ ನಡುವಿನ ಘಟ್ಟ. ತತ್ವ ನಮ್ಮ ಘಟ್ಟಕ್ಕೂ ಅದೇ.

ಬಿಲ್ಲು ಏಕಿಲ್ಲ ಎಂಬುದಕ್ಕೆ ಉತ್ತರ ಇನ್ನೂ ಮೇಲಿದೆ. ಮುಂಗಾರಿನ ದಿನಗಳಲ್ಲಿ ನಮ್ಮ ನೆತ್ತಿಯ ಮೇಲೆ ಎರಡು ಗಾಳಿಗಳಿರುತ್ತವೆ. ಕೆಳಗಿನದು ಪಡುವಣ ಗಾಳಿ. ಆರೇಳು ಕಿ.ಮೀ. ಮೇಲೆ ಅದು ಸತ್ತು, ಇನ್ನೂ ಮೇಲೆ ಮೂಡಣ ಗಾಳಿ ಬಿರುಸಾಗಿ ಬೀಸುತ್ತದೆ. ಈ ಮೂಡಣ ಜೆಟ್ ಗಾಳಿಯನ್ನು 1958ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ನಮ್ಮವರೇ ಆದ ಪಿ. ಕೋಟೇಶ್ವರಂ. ಬೆಟ್ಟದ ಅಲೆ ನಿಂತಲ್ಲೇ ನಿಲ್ಲುವ ಅಲೆ. ಗಾಳಿಯ ವೇಗ ಸೊನ್ನೆಯಾಗುವ ಮಟ್ಟ ಸಿಕ್ಕಿತೆಂದರೆ ಅದು ಅಲ್ಲಿಂದ ಮುಂದೆ ಏರಲಾರದು, ಅಲ್ಲೇ ಮುರಿದು ಕರಗುತ್ತದೆ. ಹಾಗಾಗಿ ಜೋಯಿಡಾದ ಮುಂಗಾರಿನ ಅಲೆಗೆ ಆರೇಳು ಕಿ.ಮೀ. ಎತ್ತರದಲ್ಲೇ ಚಾವಣಿ ಬಿದ್ದಿರುತ್ತದೆ. ಶುಕ್ರನಲ್ಲಿ ಅಂಥ ಚಾವಣಿ ಇಲ್ಲ. ನೆಲದಿಂದ ಮೋಡದ ನೆತ್ತಿಯವರೆಗೆ ಗಾಳಿ ಒಂದೇ ದಿಕ್ಕಿಗೆ ಬೀಸುತ್ತದೆ, ಮೇಲೆ ಹೋದಂತೆ ವೇಗ ಹೆಚ್ಚುತ್ತದೆ. ಅಲೆಗೆ ದಾರಿ ತೆರೆದೇ ಇರುತ್ತದೆ. ಒಂದು ಗ್ರಹದ ಹವೆಯನ್ನು ಇನ್ನೊಂದರ ಪಕ್ಕಕ್ಕಿಟ್ಟು ನೋಡುವುದರ ಲಾಭ ನನಗೆ ಇಲ್ಲಿ ಕಾಣುತ್ತದೆ. ನಮ್ಮಲ್ಲಿ ಇಲ್ಲದ್ದು ಏಕಿಲ್ಲ ಎಂಬುದು ಅಲ್ಲಿ ಇರುವುದನ್ನು ಕಂಡಾಗಲೇ ಅರ್ಥವಾಗುತ್ತದೆ.

ಭೂಮಿಯ ಮೇಲೆ ಬೇರೆ ಜಾತಿಯ ದೊಡ್ಡ ನಿಂತ ಅಲೆಗಳಿಲ್ಲವೆಂದಲ್ಲ. ಚಳಿಗಾಲದ ಪಡುವಣ ಗಾಳಿ ಟಿಬೆಟಿನ ಪ್ರಸ್ಥಭೂಮಿಗೂ ಅಮೆರಿಕದ ರಾಕಿ ಪರ್ವತಗಳಿಗೂ ತಾಗಿ ಇಡೀ ಉತ್ತರಾರ್ಧಗೋಳದ ಉದ್ದಕ್ಕೂ ಬಳುಕುತ್ತದೆ. ಹವಾಮಾನ ವಿಜ್ಞಾನಿಗಳಾದ ಜೂಲ್ ಚಾರ್ನಿ ಮತ್ತು ಆರ್ಂಟ್ ಎಲಿಯಾಸೆನ್ 1949ರಲ್ಲಿ ಇದರ ಲೆಕ್ಕ ಕೊಟ್ಟರು. ಆ ಪ್ರಸ್ಥಭೂಮಿಯಿಂದಲೇ ಬಂದವರು ಮುಂಡಗೋಡದ ಟಿಬೆಟನ್ ಕಾಲನಿಯ ಹಿರಿಯರು. 1966ರಿಂದ ಇಲ್ಲಿ ನೆಲೆಸಿದ್ದಾರೆ. ಅವರ ದೊಡ್ಡ ಮಠಗಳ ಓದಿನಲ್ಲಿ ಈಗ ಭೌತವಿಜ್ಞಾನವೂ ಸೇರಿದೆ.

ಇನ್ನು ಕಥೆಯ ಹಿಂದಿನ ಭಾಗ. ಶುಕ್ರನಿಗೆ ಗಾಳಿಯಿದೆ ಎಂದು ಹೊಳೆದದ್ದು 1761ರ ಜೂನ್ 6ರಂದು, ಅದು ಸೂರ್ಯಬಿಂಬದ ಮೇಲೆ ಹಾದುಹೋದಾಗ. ಬಿಂಬದ ಅಂಚಿನಲ್ಲಿ ಶುಕ್ರನ ಸುತ್ತ ತೆಳು ಬೆಳಕಿನ ಬಳೆ ಕಂಡು, ಇದು ವಾಯುಮಂಡಲವೇ ಎಂದು ಸೇಂಟ್ ಪೀಟರ್ಸ್‌ಬರ್ಗಿನ ಮಿಖಾಯಿಲ್ ಲೊಮೊನೊಸೊವ್ ಬರೆದರು. ಮುಂದೆ 1874ರ ಡಿಸೆಂಬರ್ 9ರ ಇಂಥದೇ ಸಂಕ್ರಮಣ ಭಾರತದಲ್ಲೂ ಕಾಣುವುದಿತ್ತು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದರ ಬಗ್ಗೆ ಜನಸಾಮಾನ್ಯರಿಗಾಗಿ ಕಿರುಹೊತ್ತಿಗೆ ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಅವುಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಅವರು ಈ ಕೃತಿಯನ್ನೂ ಅದರ ಕರ್ತೃವನ್ನೂ ಮತ್ತೆ ಬೆಳಕಿಗೆ ತಂದರು. ಗಂಟು ಬಿಗಿದ ಗಣಿತವನ್ನು ಊರಿನವರಿಗೆ ಬಿಚ್ಚಿ ಹೇಳುವ ಕೆಲಸ ಕನ್ನಡದಲ್ಲಿ ನೂರೈವತ್ತು ವರ್ಷದ ಹಿಂದೆಯೇ ನಡೆದಿತ್ತು ಎಂಬುದು ನಮಗೆ ಅಷ್ಟಾಗಿ ನೆನಪಿಲ್ಲ.

ಆದರೆ ಶುಕ್ರನ ಮೋಡವನ್ನು ಎಷ್ಟು ದಿಟ್ಟಿಸಿದರೂ ಕಣ್ಣಿಗೆ ಏನೂ ಸಿಗುತ್ತಿರಲಿಲ್ಲ. ಹೊಳೆಯುವ ಹಳದಿಮಿಶ್ರಿತ ಬಿಳುಪು ಅಷ್ಟೆ. ಹಾಗಾಗಿ ಅದು ಎಷ್ಟು ದಿನಕ್ಕೆ ಒಂದು ಸುತ್ತು ತಿರುಗುತ್ತದೆ ಎಂಬ ಸರಳ ಪ್ರಶ್ನೆಗೂ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಹದಿನೇಳನೆಯ ಶತಮಾನದಲ್ಲಿ ಖಗೋಳಜ್ಞ ಕಾಸಿನಿ ಒಂದು ದಿನದ ಆಸುಪಾಸು ಎಂದರೆ, 1890ರಲ್ಲಿ ಸ್ಕಿಯಾಪರೆಲ್ಲಿ 225 ದಿನ ಎಂದರು. 1927ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಫ್ರ್ಯಾಂಕ್ ರಾಸ್ ಅತಿನೇರಳೆ ಬೆಳಕಿನಲ್ಲಿ ಶುಕ್ರನ ಫೋಟೋ ತೆಗೆದಾಗ ಮೊದಲ ಸಲ ಮೋಡದೊಳಗಿನ ಕಪ್ಪು ಪಟ್ಟೆಗಳು ಕಂಡವು. ಕಣ್ಣಿಗೆ ಕಾಣುವ ಬೆಳಕನ್ನು ಹಿಂದಿರುಗಿಸುವ ಮೋಡದಲ್ಲಿ ಅತಿನೇರಳೆಯನ್ನು ಹೀರುವ ಏನೋ ಒಂದು ವಸ್ತುವಿದೆ. ಅದೇನು ಎಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಆ ಪಟ್ಟೆಗಳನ್ನು ಪಟ್ಟುಹಿಡಿದು ಓದಿದವರು ಒಬ್ಬ ಹವ್ಯಾಸಿ. ಹೆಸರು ಷಾರ್ಲ್ ಬೊಯೆ, ವೃತ್ತಿಯಲ್ಲಿ ನ್ಯಾಯಾಧೀಶ. ಆಗ ಫ್ರೆಂಚರ ಕೈಯಲ್ಲಿದ್ದ ಕಾಂಗೋದ ಬ್ರಾಜಾವಿಲ್‌ನಲ್ಲಿ ಕೆಲಸ. 1957ರಲ್ಲಿ ಅವರು ತಮ್ಮ ಸಾಧಾರಣ ದೂರದರ್ಶಕದಿಂದ ಶುಕ್ರನ ಅತಿನೇರಳೆ ಚಿತ್ರಗಳನ್ನು ತೆಗೆದು ಸಾಲಾಗಿ ಜೋಡಿಸಿ ನೋಡಿದರು. ಒಂದೇ ಕಪ್ಪು ಗುರುತು ನಾಲ್ಕು ದಿನಕ್ಕೊಮ್ಮೆ ಮರಳುತ್ತಿತ್ತು. ಪಿಕ್ ದು ಮಿದಿ ವೀಕ್ಷಣಾಲಯದ ಆಂರಿ ಕಾಮಿಷೆಲ್ ಅವರ ಜೊತೆ ಸೇರಿ, ಮೋಡಗಳು ನಾಲ್ಕು ದಿನಕ್ಕೆ ಒಂದು ಸುತ್ತು ಬರುತ್ತವೆ ಎಂದು ಬರೆದರು. ವೃತ್ತಿಯವರಲ್ಲಿ ಹೆಚ್ಚಿನವರು ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವೂ ಇತ್ತು. 1962ರ ಹೊತ್ತಿಗೆ ಅಮೆರಿಕದ ಗೋಲ್ಡ್‌ಸ್ಟೈನ್ ಮತ್ತು ಕಾರ್ಪೆಂಟರ್ ರಾಡಾರ್ ಅಲೆಗಳನ್ನು ಮೋಡದೊಳಗೆ ತೂರಿಸಿ ನೆಲವನ್ನೇ ಮುಟ್ಟಿ ನೋಡಿದ್ದರು. ಶುಕ್ರ ಹಿಮ್ಮುಖವಾಗಿ ತಿರುಗುತ್ತದೆ, ಅದೂ ಬಹಳ ನಿಧಾನ, ಒಂದು ಸುತ್ತಿಗೆ 243 ದಿನ ಎಂಬುದು ಮುಂದೆ ಖಚಿತವಾಯಿತು. ನೆಲ 243 ದಿನಕ್ಕೆ ತಿರುಗುವಾಗ ಅದರ ಮೇಲಿನ ಗಾಳಿ ನಾಲ್ಕೇ ದಿನಕ್ಕೆ ತಿರುಗುವುದೆಂದರೆ ಅರವತ್ತು ಪಟ್ಟು ವೇಗ! ಭೂಮಿಯಲ್ಲಿ ಅಂಥದ್ದೇನೂ ಇಲ್ಲ. 1974ರ ಫೆಬ್ರವರಿ 5ರಂದು ಮ್ಯಾರಿನರ್ 10 ನೌಕೆ ಶುಕ್ರನ ಪಕ್ಕದಲ್ಲಿ ಹಾದುಹೋಗುತ್ತ ಅತಿನೇರಳೆ ಚಿತ್ರಗಳನ್ನು ಕಳಿಸಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಬ್ರಾಜಾವಿಲ್‌ನ ನ್ಯಾಯಾಧೀಶರ ತೀರ್ಪೇ ಸರಿಯಾಗಿತ್ತು.

ಬೊಯೆ ಕಂಡ ಗುರುತು ಮಲಗಿದ ಇಂಗ್ಲಿಷ್ ವೈ ಅಕ್ಷರದಂತೆ ಇಡೀ ಗೋಳಕ್ಕೆ ಹರಡಿಕೊಂಡಿರುತ್ತದೆ. ಅದು ಮೋಡದ ಒಂದು ತುಂಡಲ್ಲ, ಗ್ರಹದಷ್ಟೇ ದೊಡ್ಡ ಅಲೆ. ಸಮಭಾಜಕದ ಬಳಿ ಗಾಳಿಗಿಂತ ತುಸು ಮುಂದೆ ಓಡುವ ಕೆಲ್ವಿನ್ ಅಲೆ, ನಡು ಅಕ್ಷಾಂಶಗಳಲ್ಲಿ ತುಸು ಹಿಂದೆ ಬೀಳುವ ರಾಸ್ಬಿ ಅಲೆ, ಎರಡೂ ಸೇರಿ ಈ ಆಕಾರ ಕಟ್ಟುತ್ತವೆ ಎಂಬುದು ಬಹುಕಾಲ ನಡೆದುಬಂದ ವಿವರಣೆ. ಬಿಲ್ಲಿಗೂ ಇದಕ್ಕೂ ವ್ಯತ್ಯಾಸವಿದೆ. ವೈ ಗಾಳಿಯ ಜೊತೆ ಊರೂರು ಸುತ್ತುತ್ತದೆ, ಬಿಲ್ಲು ಬೆಟ್ಟಕ್ಕೆ ಕಟ್ಟುಬಿದ್ದಿರುತ್ತದೆ.

ಬೆಟ್ಟದ ಅಲೆಯ ಮೊದಲ ಸುಳಿವು ಸಿಕ್ಕಿದ್ದು ಬಲೂನಿಗೆ. 1985ರ ಜೂನ್ 11 ಮತ್ತು 15ರಂದು ಸೋವಿಯೆತ್ ವೇಗಾ ನೌಕೆಗಳು ಶುಕ್ರನ ಮೋಡದೊಳಗೆ ಒಂದೊಂದು ಹೀಲಿಯಂ ಬಲೂನು ತೇಲಿಬಿಟ್ಟವು. ಸುಮಾರು 54 ಕಿ.ಮೀ. ಎತ್ತರ. ಅಲ್ಲಿನ ಒತ್ತಡ, ಉಷ್ಣಾಂಶ ಎರಡೂ ಒಂದಿಷ್ಟು ನಮ್ಮ ನೆಲದ ಹಾಗೇ ಇರುತ್ತವೆ, ಸುತ್ತ ಇರುವುದು ಮಾತ್ರ ಗಂಧಕಾಮ್ಲದ ಮೋಡ. ಎರಡು ದಿನಕ್ಕೆ ಹತ್ತಿರ ಬದುಕಿ ಒಂದೊಂದೂ ಹನ್ನೊಂದು ಸಾವಿರ ಕಿ.ಮೀ. ಆಸುಪಾಸು ತೇಲಿದವು. ಎರಡನೆಯ ಬಲೂನು ಶಾಂತವಾಗಿ ಹೋಗುತ್ತಿದ್ದದ್ದು ಅಫ್ರೋಡೈಟಿಯ ಬೆಟ್ಟಸೀಮೆ ಬಂದಾಗ ಗಡಗಡ ಕುಲುಕಿತು, ಕೆಳಕ್ಕೆ ಜಗ್ಗಿದಂತಾಯಿತು. ಐವತ್ತು ಕಿ.ಮೀ. ಕೆಳಗಿನ ಬೆಟ್ಟ ಇಷ್ಟು ಮೇಲಕ್ಕೆ ತಟ್ಟೀತೇ ಎಂದು ಆಗ ಅನುಮಾನಿಸಿದವರಿದ್ದರು. ಮೂವತ್ತು ವರ್ಷದ ನಂತರ ಅಕಾತ್ಸುಕಿಯ ಬಿಲ್ಲು ಕಂಡದ್ದೂ ಅದೇ ಸೀಮೆಯ ಮೇಲೆ.

ಈಗ ಕರ್ನಾಟಕಕ್ಕೆ ಬರೋಣ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ ದೂರಬಾಹ್ಯಾಕಾಶ ಸಂಪರ್ಕ ಕೇಂದ್ರವಿದೆ. ಚಂದ್ರಯಾನ-1ಕ್ಕಾಗಿ ಕಟ್ಟಿದ್ದು, 2008ರ ಅಕ್ಟೋಬರ್ 17ರಂದು ಉದ್ಘಾಟನೆಯಾಯಿತು. ಸುತ್ತ ಗುಡ್ಡಗಳಿರುವ ತಗ್ಗು ಜಾಗ. ನಗರದ ರೇಡಿಯೋ ಗದ್ದಲಕ್ಕೆ ಗುಡ್ಡಗಳೇ ಗೋಡೆ. ಅಲ್ಲಿನ 32 ಮೀಟರ್ ಅಗಲದ ಆಂಟೆನಾವನ್ನು ಚಂದ್ರಯಾನ, ಮಂಗಳಯಾನದ ಸುದ್ದಿಯಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಅದೇ ಆಂಟೆನಾ ಅಕಾತ್ಸುಕಿಗೂ ಕಿವಿಗೊಟ್ಟಿತೆಂಬುದು ಮಾತ್ರ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ನಮ್ಮ ಬಾವುಟ ಇಲ್ಲದ ನೌಕೆಯ ಕೆಲಸಕ್ಕೆ ಟಿವಿ ಕ್ಯಾಮೆರಾ ಹೋಗುವುದಿಲ್ಲವಲ್ಲ.

ಮಾಡಿದ ಕೆಲಸ ಹೀಗಿತ್ತು. ಕಕ್ಷೆಯಲ್ಲಿ ಸುತ್ತುವ ನೌಕೆ, ಭೂಮಿಯಿಂದ ನೋಡಿದರೆ, ಆಗಾಗ ಶುಕ್ರನ ಹಿಂದೆ ಮರೆಯಾಗುತ್ತದೆ. ಮರೆಯಾಗುವ ಮುನ್ನ ಮತ್ತು ಹೊರಬರುವಾಗ ಅದರ ರೇಡಿಯೋ ಸಂಕೇತ ಶುಕ್ರನ ಗಾಳಿಯನ್ನು ಓರೆಯಾಗಿ ಸೀಳಿಕೊಂಡು ಬರಬೇಕು. ದಟ್ಟ ಗಾಳಿಯಲ್ಲಿ ಸಂಕೇತ ಬಾಗುತ್ತದೆ. ಬಾಗಿದಷ್ಟೂ ಅದರ ಆವರ್ತನ ಕೂದಲೆಳೆಯಷ್ಟು ಬದಲಾಗುತ್ತದೆ. ಈ ಬದಲಾವಣೆಯನ್ನು ಅಳೆದರೆ ಯಾವ ಎತ್ತರದಲ್ಲಿ ಗಾಳಿ ಎಷ್ಟು ದಟ್ಟ, ಎಷ್ಟು ಬಿಸಿ ಎಂದು ಮೇಲಿಂದ ಕೆಳಗಿನವರೆಗೆ ಲೆಕ್ಕ ಸಿಗುತ್ತದೆ. ಸಂಕೇತ ಎಷ್ಟು ಸೊರಗಿದೆ ಎಂಬುದು ಗಂಧಕಾಮ್ಲದ ಆವಿಯ ಪ್ರಮಾಣ ಹೇಳುತ್ತದೆ. ಇದಕ್ಕೆ ನೌಕೆಯಲ್ಲಿ ಅತಿ ಸ್ಥಿರವಾದ ಒಂದು ಆಂದೋಲಕ ಬೇಕು. ಅದರ ಮಿಡಿತ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟೂ ಏರುಪೇರಾಗಬಾರದು. ಅಂಥ ಆಂದೋಲಕ ಅಕಾತ್ಸುಕಿಯಲ್ಲಿತ್ತು.

ಭೂಮಿಯಲ್ಲಿ ಆ ಸಂಕೇತ ಹಿಡಿಯಲು ಜಪಾನಿಗೆ ಉಸುದಾದ 64 ಮೀಟರ್ ಆಂಟೆನಾ ಇತ್ತು. ಆದರೆ ಶುಕ್ರ ಉಸುದಾದಲ್ಲಿ ಮುಳುಗಿದ ಮೇಲೆ ನೌಕೆ ಮರೆಯಾದರೆ? ಉಸುದಾಗೂ ಬ್ಯಾಲಾಳಿಗೂ ರೇಖಾಂಶದಲ್ಲಿ ಅರವತ್ತು ಡಿಗ್ರಿ ಅಂತರ, ಎಂದರೆ ನಾಲ್ಕು ಗಂಟೆ. ಅಲ್ಲಿ ಶುಕ್ರ ಇಳಿಯುವಾಗ ಇಲ್ಲಿ ಇನ್ನೂ ಮೇಲಿರುತ್ತದೆ. ಹೀಗಾಗಿ ಎರಡು ದೇಶಗಳ ಬಾಹ್ಯಾಕಾಶ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು, 2016ರಿಂದ ಉಸುದಾ ಮತ್ತು ಬ್ಯಾಲಾಳು ಎರಡೂ ಕಡೆ ಈ ಪ್ರಯೋಗ ನಡೆಸಿದವು. ಜಪಾನಿನ ಕಡೆ ತಕೇಶಿ ಇಮಾಮುರಾ ಮುಂದಾಳು. ಭಾರತದ ಕಡೆ ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದ ಆರ್. ಕೆ. ಚೌಧರಿ ಮತ್ತು ಸಂಗಡಿಗರು. 2017ರ ಏಪ್ರಿಲ್ ಹೊತ್ತಿಗೆ 19 ಉಷ್ಣಾಂಶದ ನಕ್ಷೆಗಳು ಕೈಗೆ ಬಂದಿದ್ದವು. ಒಂದೊಂದೂ ಸುಮಾರು 38 ಕಿ.ಮೀ. ಎತ್ತರದವರೆಗೆ ಇಳಿದು, ಮೋಡದ ಮೇಲಿನ, ಒಳಗಿನ, ಕೆಳಗಿನ ಗಾಳಿಯನ್ನು ಬೇರೆಬೇರೆಯಾಗಿ ತೋರಿಸಿತು. ಎಂಜಿನ್ನು ಕೆಟ್ಟಿದ್ದರಿಂದ ನೌಕೆ ಮೊದಲು ಯೋಜಿಸಿದ್ದ 30 ಗಂಟೆಯ ಕಕ್ಷೆಯ ಬದಲು ಹತ್ತಕ್ಕೂ ಹೆಚ್ಚು ದಿನದ ಕಕ್ಷೆಯಲ್ಲಿ ಸುತ್ತಬೇಕಾಯಿತು, ಮರೆಯಾಗುವ ಅವಕಾಶಗಳೂ ಕಡಿಮೆಯಾದವು. ಅಂಥಲ್ಲಿ ಸಿಕ್ಕ ಒಂದೊಂದು ಅವಕಾಶವನ್ನೂ ಕಳೆದುಕೊಳ್ಳದಂತೆ ಎರಡನೆಯ ಕಿವಿ ಇರುವುದು ಸಣ್ಣ ಉಪಕಾರವಲ್ಲ.

ಕ್ಯಾಮೆರಾ ಅಲೆಯ ನೆತ್ತಿಯನ್ನು ಮಾತ್ರ ತೋರಿಸುತ್ತದೆ, ರೇಡಿಯೋ ಸಂಕೇತ ಆ ಅಲೆ ಯಾವ ಎತ್ತರದಲ್ಲಿ ಹೇಗಿದೆ ಎಂಬುದನ್ನು ಬಿಡಿಸುತ್ತದೆ. ಸಂಕೇತವನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸುವ ವಿಧಾನಗಳು ಬಂದಾಗ, ಶುಕ್ರನ ಗಾಳಿಯಲ್ಲಿ ಒಂದರ ಮೇಲೊಂದು ಪದರವಾಗಿ ಏರುವ ಗುರುತ್ವ ಅಲೆಗಳು, ಅವು ಮಿತಿಮೀರಿ ಬೆಳೆದು ಮುರಿಯುವ ಎತ್ತರಗಳು ಕಾಣತೊಡಗಿದವು. ಬಿಲ್ಲಿನ ಕಥೆಯೂ ಬೆಳೆಯಿತು. ಅಕಾತ್ಸುಕಿಯ ಶಾಖದ ಚಿತ್ರಗಳನ್ನೆಲ್ಲ ಜೋಡಿಸಿದಾಗ, ಬಿಲ್ಲು ಒಂದಲ್ಲ, ಬೇರೆ ಬೇರೆ ಎತ್ತರದ ಸೀಮೆಗಳ ಮೇಲೆ ಮತ್ತೆ ಮತ್ತೆ ಏಳುತ್ತದೆ, ಅದೂ ಅಲ್ಲಿನ ಮಧ್ಯಾಹ್ನದ ನಂತರ ಮಾತ್ರ ಎಂದು ತಿಳಿಯಿತು. ಶುಕ್ರನ ಒಂದು ಹಗಲು-ರಾತ್ರಿ ನಮ್ಮ 117 ದಿನ. ಹೀಗಾಗಿ ಅಲ್ಲಿಯ ಒಂದು ಅಪರಾಹ್ನವೇ ತಿಂಗಳ ಲೆಕ್ಕ. 2018ರಲ್ಲಿ ನವಾರೊ, ಶುಬರ್ಟ್, ಲೆಬೊನ್ವಾ ಎಂಬ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೆಟ್ಟ ಗಾಳಿಯನ್ನು ತಡೆದರೆ ಗಾಳಿಯೂ ಬೆಟ್ಟವನ್ನು ತಳ್ಳಬೇಕಲ್ಲ? ಅವರ ಲೆಕ್ಕದಲ್ಲಿ ಈ ತಳ್ಳಾಟ ಇಡೀ ಗ್ರಹದ ತಿರುಗುವಿಕೆಯನ್ನು ಒಂದು ಶುಕ್ರದಿನದಲ್ಲಿ ಒಂದೆರಡು ನಿಮಿಷದಷ್ಟು ಏರುಪೇರು ಮಾಡಬಲ್ಲದು. ಬೇರೆಬೇರೆ ನೌಕೆಗಳು ಅಳೆದ ಶುಕ್ರನ ದಿನದ ಉದ್ದ ಒಂದಕ್ಕೊಂದು ಸರಿಹೊಂದದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದೆಂದು ಈಗ ಯೋಚಿಸುತ್ತಾರೆ. ಆ ಅರವತ್ತು ಪಟ್ಟು ವೇಗದ ಗಾಳಿಯನ್ನು ಯಾರು ನಡೆಸುತ್ತಾರೆ ಎಂಬುದಕ್ಕೆ 2020ರಲ್ಲಿ ತಕೇಶಿ ಹೊರಿನೌಚಿ ತಂಡ ಅಕಾತ್ಸುಕಿಯ ಚಿತ್ರಗಳಿಂದ ಉತ್ತರ ಕೊಟ್ಟಿತು. ಸೂರ್ಯನ ಶಾಖದಿಂದ ಏಳುವ ಉಷ್ಣ ಅಲೆಗಳು ಸಮಭಾಜಕದ ಬಳಿ ಗಾಳಿಗೆ ವೇಗ ತುಂಬುತ್ತವೆ.

ಇದೇ ಬ್ಯಾಲಾಳಿಗೆ ಮಂಗಳನ ಬೆಟ್ಟದ ಮೋಡವೂ ಬಂದು ಸೇರಿದೆ. 2018ರಲ್ಲಿ ಯೂರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಪುಟ್ಟ ಕ್ಯಾಮೆರಾ, ಆರ್ಸಿಯಾ ಮಾನ್ಸ್ ಎಂಬ ಸುಮಾರು 20 ಕಿ.ಮೀ. ಎತ್ತರದ ಆರಿದ ಜ್ವಾಲಾಮುಖಿಯಿಂದ ಪಶ್ಚಿಮಕ್ಕೆ ಚಾಚಿದ ಬಿಳಿ ಬಾಲವನ್ನು ಕಂಡಿತು. ಹೊಗೆಯಲ್ಲ, ಹಿಮದ ಕಣಗಳ ಮೋಡ. ಬೆಳಗಿನ ಜಾವ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ ಮೂಡಿ, ಸುಮಾರು 45 ಕಿ.ಮೀ. ಎತ್ತರದಲ್ಲಿ ಗಂಟೆಗೆ 600 ಕಿ.ಮೀ.ಗೂ ಮೀರಿದ ವೇಗದಲ್ಲಿ ಎರಡೂವರೆ ಗಂಟೆ ಬೆಳೆದು, 1,800 ಕಿ.ಮೀ.ವರೆಗೂ ಉದ್ದವಾಗಿ, ಬಿಸಿಲೇರಿದಂತೆ ಕರಗುತ್ತದೆ. ವರ್ಷದ ಒಂದು ಋತುವಿನಲ್ಲಿ ದಿನದಿನವೂ ಇದೇ ಆಟ. ಇದರ ಹಿಂದಿನ ಕಥೆ ತಿಳಿಯಲು ಯೂರೋಪಿನ ವಿಜ್ಞಾನಿಗಳು ಹಳೆಯ ನೌಕೆಗಳ ಚಿತ್ರಗಳನ್ನು ಜಾಲಾಡಿದರು. ಅವುಗಳಲ್ಲಿ ನಮ್ಮ ಮಂಗಳಯಾನದ ಚಿತ್ರಗಳೂ ಇದ್ದವು. ಮಂಗಳಯಾನದ ಕಕ್ಷೆ ವಿಪರೀತ ಉದ್ದ, ದೂರದ ತುದಿ ಸುಮಾರು 77,000 ಕಿ.ಮೀ. ಕೆಲವರು ಅದನ್ನು ಕೊರತೆ ಎಂದರು. ಆದರೆ ದಿನದ ಬೇರೆಬೇರೆ ಹೊತ್ತಿನಲ್ಲಿ ಇಡೀ ಮಂಗಳವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಬೇಕಾದದ್ದೂ ಅಂಥ ಕಕ್ಷೆಯೇ. ಹತ್ತಿರದಿಂದ ಸುತ್ತುವ, ದಿನವೂ ಒಂದೇ ಹೊತ್ತಿಗೆ ಹಾದುಹೋಗುವ ನೌಕೆಗಳ ಕಣ್ಣಿಗೆ ಬೆಳಗಿನ ಈ ಮೋಡ ತಪ್ಪಿಹೋಗುತ್ತಿತ್ತು. ಅಕಾತ್ಸುಕಿಯ ವಿಷಯದಲ್ಲೂ ಹಾಗೇ, ಕೆಟ್ಟ ಎಂಜಿನ್ನು ಕೊಟ್ಟ ದೂರದ ಕಕ್ಷೆಯೇ ಶುಕ್ರನ ಪೂರ್ಣ ಬಿಂಬವನ್ನು ದಿನಗಟ್ಟಲೆ ನೋಡುವ ಅನುಕೂಲ ಕೊಟ್ಟಿತು. ಗ್ರಹದ ಹವೆ ಓದುವವರಿಗೆ ಹತ್ತಿರವೇ ಯಾವಾಗಲೂ ಒಳ್ಳೆಯದೆಂಬ ನಂಬಿಕೆಯನ್ನು ಈ ಎರಡು ನೌಕೆಗಳು ಸುಳ್ಳು ಮಾಡಿವೆ ಎಂಬುದು ನನ್ನ ಅಭಿಪ್ರಾಯ.

ಮಂಗಳಯಾನ 2022ರ ಏಪ್ರಿಲ್‌ನಲ್ಲಿ ಸದ್ದಡಗಿತು. ಅಕಾತ್ಸುಕಿ 2024ರ ಏಪ್ರಿಲ್ ಕೊನೆಯಲ್ಲಿ ಸಂಪರ್ಕಕ್ಕೆ ಸಿಗದಾಯಿತು, 2025ರ ಸೆಪ್ಟೆಂಬರ್ 18ರಂದು ಜಪಾನ್ ಅದರ ಕೆಲಸ ಮುಗಿಯಿತೆಂದು ಸಾರಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 2024ರ ಸೆಪ್ಟೆಂಬರ್ 18ರಂದು, ಭಾರತದ ಸಚಿವ ಸಂಪುಟ ಶುಕ್ರ ಕಕ್ಷಾನೌಕೆಗೆ 1,236 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ಉಡಾವಣೆ 2028ರ ಮಾರ್ಚ್‌ಗೆ ಎಂದು ಗೊತ್ತುಮಾಡಿದ್ದಾರೆ. ಮೋಡದೊಳಗೆ ತೂರಿ ನೆಲ ನೋಡುವ ರಾಡಾರ್ ಅದರ ಮುಖ್ಯ ಉಪಕರಣಗಳಲ್ಲೊಂದು. ಬೆಟ್ಟವನ್ನೂ ಅದರ ಮೇಲಿನ ಗಾಳಿಯನ್ನೂ ಒಂದೇ ನೌಕೆ ನೋಡಿದರೆ ಬಿಲ್ಲಿನ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ.

ಅಷ್ಟರವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಬ್ಯಾಲಾಳಿನಲ್ಲೇ ಇದೆ. ಮಂಗಳಯಾನದ ಮೊದಲ ವರ್ಷದ ಚಿತ್ರಗಳು, ಅಳತೆಗಳು 2016ರ ಸೆಪ್ಟೆಂಬರಿನಿಂದ ಸಾರ್ವಜನಿಕರಿಗೆ ತೆರೆದಿವೆ. ಹೆಸರು ನೋಂದಾಯಿಸಿಕೊಂಡರೆ ಯಾರು ಬೇಕಾದರೂ ತೆಗೆದು ನೋಡಬಹುದು. ದಾಂಡೇಲಿ, ಹಳಿಯಾಳ, ಮುಂಡಗೋಡದ ಕಾಲೇಜುಗಳಲ್ಲಿ ಭೌತವಿಜ್ಞಾನ, ಭೂಗೋಳ ಕಲಿಸುವ ಮೇಷ್ಟ್ರುಗಳು ಒಮ್ಮೆ ಮಕ್ಕಳ ಮುಂದೆ ಆ ಚಿತ್ರಗಳನ್ನು ತೆರೆದಿಡಲಿ. ಘಟ್ಟದ ಗಾಳಿಯನ್ನು ಹುಟ್ಟಿದಂದಿನಿಂದ ನೋಡಿದ ಮಕ್ಕಳು ಮಂಗಳನ ಬೆಟ್ಟದ ಮೋಡವನ್ನು ಬೇರೆಯವರಿಗಿಂತ ಬೇಗ ಗುರುತಿಸುತ್ತಾರೆ.